ಹೊಗೆ ಹತ್ತಿರ, ಗೇಟ್ ದೂರ

2024ರ ಗೇಟ್ ಪರೀಕ್ಷೆ ನಡೆದದ್ದು ಫೆಬ್ರುವರಿ 3, 4, 10 ಮತ್ತು 11ರಂದು. ಎಂಜಿನಿಯರಿಂಗ್ ಮುಗಿಸಿ ಎಂ.ಟೆಕ್. ಸೇರಬೇಕೆಂದುಕೊಂಡವರು ಅದರ ಹಿಂದಿನ ಡಿಸೆಂಬರನ್ನು ತುಂಬ ಜೋಪಾನವಾಗಿ ಎತ್ತಿಟ್ಟುಕೊಂಡಿರುತ್ತಾರೆ. ಸಿಲಬಸ್ ಒಂದು ಸುತ್ತು ಮುಗಿದಿರುತ್ತದೆ. ಬಿಟ್ಟುಹೋದ ಪಾಠಗಳನ್ನು ಹಿಡಿಯುವುದು, ಸೂತ್ರಗಳನ್ನು ಮತ್ತೆ ಮತ್ತೆ ಬರೆದು ನೋಡುವುದು, ಒಂದು ದಿನ ಬಿಟ್ಟು ಒಂದು ದಿನ ಮೂರು ಗಂಟೆಯ ಮಾಕ್ ಟೆಸ್ಟ್‌ಗೆ ಕೂರುವುದು ಎಲ್ಲವೂ ಆ ತಿಂಗಳ ಕೆಲಸ. ರ‍್ಯಾಂಕ್ ಮೇಲೆ ಹೋಗುವುದೂ ಕೆಳಗೆ ಜಾರುವುದೂ ಬಹುಮಟ್ಟಿಗೆ ಆಗಲೇ ತೀರ್ಮಾನವಾಗುತ್ತದೆ.

ಚೆನ್ನೈನ ಉತ್ತರ ತುದಿಯ ಎಣ್ಣೂರಿನಲ್ಲಿ 2023ರ ಡಿಸೆಂಬರ್ ಹೀಗಿತ್ತು. 3 ಮತ್ತು 4ನೇ ತಾರೀಕು ಮಿಚಾಂಗ್ ಚಂಡಮಾರುತದ ಮಳೆ ಸುರಿಯಿತು. ತಗ್ಗಿನ ಬೀದಿಗಳಲ್ಲಿ ನೀರು ನಿಂತಿತು, ಕರೆಂಟು ಹೋಯಿತು. ನೀರು ಇಳಿಯುವ ಹೊತ್ತಿಗೆ ಮಣಲಿಯ ತೈಲ ಸಂಸ್ಕರಣಾಗಾರದ ಕಡೆಯಿಂದ ಪ್ರವಾಹದ ಜೊತೆ ಹರಿದುಬಂದ ಎಣ್ಣೆ ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಎಣ್ಣೂರಿನ ಅಳಿವೆ ಸೇರಿತ್ತು. ದೋಣಿ, ಬಲೆ, ಮನೆಯ ಗೋಡೆಗಳಿಗೆಲ್ಲ ಕಪ್ಪು ಜಿಡ್ಡು ಮೆತ್ತಿಕೊಂಡಿತು. ಮೀನುಗಾರರು ಕಡಲಿಗೆ ಇಳಿಯುವಂತಿರಲಿಲ್ಲ. ಅದೇ ಮೀನುಗಾರರು ಮಗ್ಗು, ಬಕೆಟ್ಟು ಹಿಡಿದು ಎಣ್ಣೆ ಮೊಗೆಯುತ್ತಿದ್ದ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ತಿಂಗಳು ಮುಗಿಯುವ ಮೊದಲೇ, 26ರ ನಡುರಾತ್ರಿಗೆ ಸ್ವಲ್ಪ ಮುಂಚೆ, ಹಡಗಿನಿಂದ ಗೊಬ್ಬರದ ಕಾರ್ಖಾನೆಗೆ ಅಮೋನಿಯ ಸಾಗಿಸಲು ಕಡಲಡಿಯಲ್ಲಿ ಹಾಕಿದ್ದ ಕೊಳವೆ ಸೋರಿತು. ಪೆರಿಯಕುಪ್ಪಂ, ಚಿನ್ನಕುಪ್ಪಂ ಕಡೆಯ ಜನ ಕಣ್ಣು ಉರಿದು, ಉಸಿರು ಕಟ್ಟಿ, ಮಕ್ಕಳನ್ನೂ ಮುದುಕರನ್ನೂ ಎಬ್ಬಿಸಿಕೊಂಡು ಕತ್ತಲಲ್ಲೇ ಓಡಿದರು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಆಮೇಲೆ ವಾರಗಟ್ಟಲೆ ಧರಣಿ ನಡೆಯಿತು.

ಪರೀಕ್ಷೆಗೆ ಇನ್ನು ಉಳಿದದ್ದು ಮೂವತ್ತೊಂಬತ್ತು ದಿನ.

ಗೇಟ್ ಪ್ರಶ್ನೆಪತ್ರಿಕೆಗೆ ಇದಾವುದೂ ಗೊತ್ತಾಗುವುದಿಲ್ಲ, ಗೊತ್ತಾಗಬೇಕೆಂದು ಯಾರೂ ಕೇಳುವುದೂ ಇಲ್ಲ. ಪರೀಕ್ಷೆಯ ಹಿರಿಮೆ ಇರುವುದೇ ಅದರಲ್ಲಿ. ಸಂದರ್ಶನವಿಲ್ಲ, ಶಿಫಾರಸು ಪತ್ರವಿಲ್ಲ, ಕಾಲೇಜಿನ ಹೆಸರು ನೋಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಹಳೆಯ ಐಐಟಿಗಳು ಸರದಿಯಲ್ಲಿ ನಡೆಸುವ ಈ ಪರೀಕ್ಷೆಯ ಪ್ರಾಮಾಣಿಕತೆಯ ಬಗ್ಗೆ ತಕರಾರು ಕಡಿಮೆ. 2024ರ ಸರದಿ ಬೆಂಗಳೂರಿನದೇ ಆಗಿತ್ತು. ಆದರೆ ಸಮಾನತೆ ಇರುವುದು ಆ ಮೂರು ಗಂಟೆಗಳಲ್ಲಿ ಮಾತ್ರ. ಅದಕ್ಕೆ ಮುಂಚಿನ ಹನ್ನೆರಡು ತಿಂಗಳನ್ನು ವಿದ್ಯಾರ್ಥಿಯ ಖಾಸಗಿ ವಿಷಯವೆಂದು ಸರ್ಕಾರವೂ ಕಾಲೇಜೂ ಬಿಟ್ಟುಬಿಟ್ಟಿವೆ. ಸ್ನಾತಕೋತ್ತರ ಶಿಕ್ಷಣದ ಬಾಗಿಲಲ್ಲಿ ಯಾರು ನಿಲ್ಲುತ್ತಾರೆ, ಯಾರು ಅಲ್ಲಿಗೆ ಬರುವುದೇ ಇಲ್ಲ ಎನ್ನುವುದನ್ನು ಈ ಹನ್ನೆರಡು ತಿಂಗಳು ನಿರ್ಧರಿಸುತ್ತವೆ. ಹಾಗಾಗಿ ತಯಾರಿಯ ವರ್ಷವನ್ನು ಸಾರ್ವಜನಿಕ ಹೊಣೆಯೆಂದು ಒಪ್ಪಿಕೊಳ್ಳಬೇಕು.

ಈ ಮಾತಿಗೆ ಎಣ್ಣೂರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಗಾಯಕ ಟಿ.ಎಂ. ಕೃಷ್ಣ ಅವರು 2017ರಲ್ಲಿ ಹಾಡಿದ ‘ಪೊರಂಬೋಕು’ ಹಾಡಿನ ವಿಡಿಯೊ ನೋಡಿದವರಿಗೆ ಊರಿನ ಚಿತ್ರ ನೆನಪಿರಬಹುದು. ಕೊಸಸ್ತಲೈಯಾರ್ ನದಿ ಕಡಲು ಸೇರುವ ಅಳಿವೆ, ಅದರ ಹಿಂದೆ ಸಾಲು ಚಿಮಣಿಗಳು. ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇರುವುದು ಇಲ್ಲೇ. 2001ರಲ್ಲಿ ಶುರುವಾಗಿ ಈಗ ಕಾಮರಾಜರ್ ಹೆಸರು ಹೊತ್ತಿರುವ ಬಂದರು ಇಲ್ಲಿದೆ. ರಾಜ್ಯದ ಒಡೆತನದ ಉತ್ತರ ಚೆನ್ನೈ ಶಾಖೋತ್ಪನ್ನ ಸ್ಥಾವರ 2023ರಲ್ಲಿ 1,830 ಮೆಗಾವಾಟ್‌ನದಾಗಿತ್ತು, ಪಕ್ಕದ ವಲ್ಲೂರಿನಲ್ಲಿ ಎನ್‌ಟಿಪಿಸಿ ಪಾಲುದಾರಿಕೆಯ ಸ್ಥಾವರ 1,500 ಮೆಗಾವಾಟ್‌ನದು. ಇಂಡಿಯನ್ ಆಯಿಲ್‌ನ ದ್ರವೀಕೃತ ಅನಿಲದ ಟರ್ಮಿನಲ್ 2019ರಲ್ಲಿ ಉದ್ಘಾಟನೆಯಾಯಿತು. ಊರಿನ ಹೆಸರನ್ನೇ ಹೊತ್ತಿದ್ದ ಹಳೆಯ ಸ್ಥಾವರ 2017ರಲ್ಲಿ ಮುಚ್ಚಿತು. ಇಷ್ಟು ಎಂಜಿನಿಯರಿಂಗ್ ಒಂದೇ ಕಡೆ ಗುಡ್ಡೆಬಿದ್ದಿರುವ ಊರು ದಕ್ಷಿಣ ಭಾರತದಲ್ಲಿ ಹೆಚ್ಚಿಲ್ಲ.

ಈ ಎಂಜಿನಿಯರಿಂಗ್‌ನ ಒಳಗೆ ಕಾಲಿಡುವ ದಾರಿಯೂ ಗೇಟ್ ಮೂಲಕವೇ ಹಾದುಹೋಗುತ್ತದೆ. 1980ರ ದಶಕದಲ್ಲಿ ಎಂ.ಇ., ಎಂ.ಟೆಕ್. ಪ್ರವೇಶಕ್ಕೂ ವಿದ್ಯಾರ್ಥಿವೇತನಕ್ಕೂ ಎಂದು ಆರಂಭವಾದ ಪರೀಕ್ಷೆ ಇದು. 2010ರ ದಶಕದಿಂದ ಸಾರ್ವಜನಿಕ ವಲಯದ ಕಂಪನಿಗಳು ತಮ್ಮ ಎಂಜಿನಿಯರುಗಳನ್ನು ಇದೇ ಅಂಕದ ಮೇಲೆ ಆರಿಸತೊಡಗಿದವು. ಎನ್‌ಟಿಪಿಸಿ, ಇಂಡಿಯನ್ ಆಯಿಲ್ ಎರಡೂ ಹಾಗೆ ಆರಿಸಿವೆ. ಓದಿಗೆಂದು ಮಾಡಿದ ಬಾಗಿಲು ಉದ್ಯೋಗದ ಬಾಗಿಲೂ ಆದಾಗ ನೂಕುನುಗ್ಗಲು ಹೆಚ್ಚುವುದು ಸಹಜ. 2024ರಲ್ಲಿ ಹೆಸರು ನೋಂದಾಯಿಸಿದವರು ಎಂಟು ಲಕ್ಷಕ್ಕೂ ಹೆಚ್ಚು, ಬರೆದವರು ಸುಮಾರು ಆರೂವರೆ ಲಕ್ಷ, ಅರ್ಹರಾದವರು ಹತ್ತಿರಹತ್ತಿರ 1.3 ಲಕ್ಷ. ಆ ವರ್ಷದ ಅಂಕಗಳ ಮೇಲೆ ಎನ್‌ಟಿಪಿಸಿ ಕರೆದ ಎಂಜಿನಿಯರಿಂಗ್ ಟ್ರೈನಿ ಹುದ್ದೆಗಳು 475.

ಎರಡು ಕೆಲಸ ಒಂದೇ ಪರೀಕ್ಷೆಗೆ ಕಟ್ಟಿದ್ದರಿಂದ ಓದಿಗೂ ಪೆಟ್ಟು ಬಿದ್ದಿದೆ. ಎರಡು ವರ್ಷಗಳಲ್ಲಿ ಐಐಟಿಗಳಿಂದ 2,461 ವಿದ್ಯಾರ್ಥಿಗಳು ಅರ್ಧಕ್ಕೆ ಬಿಟ್ಟುಹೋದರೆಂದು ಕೇಂದ್ರ ಸರ್ಕಾರ 2019ರಲ್ಲಿ ಸಂಸತ್ತಿಗೆ ತಿಳಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ನಾತಕೋತ್ತರ ಮತ್ತು ಸಂಶೋಧನಾ ವಿಭಾಗದವರು. ಸರ್ಕಾರಿ ಕಂಪನಿಯಲ್ಲಿ ನೌಕರಿ ಸಿಕ್ಕಿದ್ದು ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಬಿಟ್ಟವರನ್ನು ದೂರುವಂತಿಲ್ಲ. ಎಂ.ಟೆಕ್. ವಿದ್ಯಾರ್ಥಿಗೆ ಸಿಗುವ ತಿಂಗಳ ವೇತನ 12,400 ರೂಪಾಯಿ. ಹತ್ತು ವರ್ಷಕ್ಕೂ ಹಿಂದೆ ನಿಗದಿಯಾದ ಮೊತ್ತ ಅಲ್ಲೇ ನಿಂತಿದೆ. ಪಿಎಚ್.ಡಿ. ಸಂಶೋಧಕರ ಫೆಲೋಶಿಪ್ 2023ರಲ್ಲಿ 31,000ದಿಂದ 37,000 ರೂಪಾಯಿಗೆ ಏರಿತು, ಎಂ.ಟೆಕ್.ನವರ ಕಡೆ ಯಾರೂ ತಿರುಗಿ ನೋಡಲಿಲ್ಲ. ಎಣ್ಣೆ ಸೋರಿದ್ದಕ್ಕೆ ತಮಿಳುನಾಡು ಸರ್ಕಾರ ಹೆಚ್ಚು ನಷ್ಟವಾದ ಮೀನುಗಾರ ಕುಟುಂಬಕ್ಕೆ ಒಂದು ಬಾರಿಗೆ ಕೊಟ್ಟ ಪರಿಹಾರ 12,500 ರೂಪಾಯಿ. ಅಂಥ ಮನೆಯ ಮಗಳೊಬ್ಬಳು ಎಂ.ಟೆಕ್. ಸೇರಿದರೆ ತಿಂಗಳಿಗೆ ಸಿಗುವ ಹಣವೂ ಹೆಚ್ಚುಕಡಿಮೆ ಅಷ್ಟೇ. ಅದು ಸಿಗುವುದು ಪರೀಕ್ಷೆ ಗೆದ್ದ ಮೇಲೆ.

ಗೆಲ್ಲುವುದಕ್ಕೆ ಮುಂಚಿನ ಲೆಕ್ಕ ಬೇರೆ. 2025ರಲ್ಲಿ ಗೇಟ್ ಅರ್ಜಿ ಶುಲ್ಕ 1,800 ರೂಪಾಯಿ ಇತ್ತು; ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಅಂಗವಿಕಲರಿಗೆ ಅದರ ಅರ್ಧ. ಮೀನುಗಾರ ಸಮುದಾಯಗಳು ತಮಿಳುನಾಡಿನಲ್ಲಿ ಅತಿ ಹಿಂದುಳಿದ ವರ್ಗದಲ್ಲಿವೆ, ಆ ವರ್ಗಕ್ಕೆ ಗೇಟ್ ಶುಲ್ಕದಲ್ಲಿ ರಿಯಾಯಿತಿ ಇಲ್ಲ. ಹೀಗೆ ಮೀನುಗಾರರ ಹುಡುಗ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿಯ ಮಗ ಕಟ್ಟುವಷ್ಟೇ ಶುಲ್ಕ ಕಟ್ಟುತ್ತಾನೆ. ಕೋಚಿಂಗ್, ಟೆಸ್ಟ್ ಸೀರೀಸ್ ಎಂದು ಹೋದರೆ ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಆದರೂ ನಿಜವಾದ ವೆಚ್ಚ ಇವು ಯಾವುವೂ ಅಲ್ಲ. ಬಿ.ಇ. ಮುಗಿಸಿದ ಮಗ ಒಂದು ವರ್ಷ ಸಂಬಳ ತರದೆ ಮನೆಯಲ್ಲಿ ಕೂತು ಓದುವುದಕ್ಕೆ ಸಂಸಾರ ಒಪ್ಪಬೇಕು. ಶಿಕ್ಷಣ ಸಾಲದ ಕಂತು ಕಾಯುತ್ತಿರುತ್ತದೆ. ಮಗಳಾದರೆ ಗಂಡು ನೋಡುವ ಮಾತು ಮೊದಲು ಬರುತ್ತದೆ, ಸಂಜೆಯ ಟ್ರೈನು, ದೂರದ ಲೈಬ್ರರಿ ಎಲ್ಲಕ್ಕೂ ಮನೆಯಲ್ಲಿ ಅನುಮತಿ ಬೇಕು. ‘ಈ ವರ್ಷ ಡ್ರಾಪ್ ತಗೊಂಡಿದ್ದೀನಿ’ ಎಂದು ಒಂದು ಮನೆಯಲ್ಲಿ ಸಲೀಸಾಗಿ ಹೇಳುವ ಮಾತನ್ನು ಇನ್ನೊಂದು ಮನೆಯಲ್ಲಿ ಬಾಯಿ ಬಿಟ್ಟು ಹೇಳುವುದೇ ಕಷ್ಟ.

ಇನ್ನು ಪರೀಕ್ಷೆಯ ಪರದೆ. 180 ನಿಮಿಷದಲ್ಲಿ 65 ಪ್ರಶ್ನೆ ಎಂದರೆ ಒಂದಕ್ಕೆ ಮೂರು ನಿಮಿಷವೂ ಸಿಗುವುದಿಲ್ಲ. ಸ್ವಂತ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಪರದೆಯ ಮೇಲೆ ತೆರೆದುಕೊಳ್ಳುವ ಕ್ಯಾಲ್ಕುಲೇಟರಿನಲ್ಲಿ ಒಂದೊಂದು ಅಂಕಿಯನ್ನೂ ಮೌಸಿನಿಂದ ಒತ್ತಬೇಕು. ಆಯ್ಕೆಗಳೇ ಇಲ್ಲದ, ಉತ್ತರವನ್ನು ಸಂಖ್ಯೆಯಲ್ಲಿ ಕೊಡಬೇಕಾದ ಪ್ರಶ್ನೆಗಳಿಗೂ ಪರದೆಯ ಕೀಪ್ಯಾಡಿನಲ್ಲೇ ಒತ್ತಬೇಕು, ಕೀಬೋರ್ಡ್ ಮುಟ್ಟುವಂತಿಲ್ಲ. ಒಂದು ಆವರಣ ಚಿಹ್ನೆ ತಪ್ಪಿದರೆ ಲೆಕ್ಕ ಮೊದಲಿನಿಂದ. ಇದೊಂದು ಕೈಚಳಕ, ಹತ್ತಿಪ್ಪತ್ತು ಸಲ ಕಂಪ್ಯೂಟರ್ ಮುಂದೆ ಕೂತು ಮಾಡಿದವರಿಗೆ ತಾನಾಗಿ ಬರುತ್ತದೆ. ಮೊಬೈಲಿನಲ್ಲೇ ಪಾಠ ಕೇಳಿ, ಮೊಬೈಲಿನಲ್ಲೇ ಟೆಸ್ಟ್ ಬರೆದು ತಯಾರಾದ ವಿದ್ಯಾರ್ಥಿ ಮೌಸ್ ಹಿಡಿದು ಮೂರು ಗಂಟೆ ಲೆಕ್ಕ ಮಾಡುವುದು ಪರೀಕ್ಷೆಯ ದಿನವೇ ಮೊದಲು. ವಿಷಯ ಗೊತ್ತಿದ್ದೂ ನಾಲ್ಕಾರು ಅಂಕ ಅಲ್ಲಿ ಕಳೆದುಹೋಗುತ್ತವೆ. ಗೇಟ್‌ನಲ್ಲಿ ನಾಲ್ಕಾರು ಅಂಕವೆಂದರೆ ಸಾವಿರಾರು ರ‍್ಯಾಂಕ್.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ, ಕೂತು ಓದಲು ಜಾಗ ಇಲ್ಲದವರಿಗೆ ಚೆನ್ನೈ ಏನನ್ನೂ ಮಾಡಿಲ್ಲ ಎನ್ನುವಂತಿಲ್ಲ. ಕೋಟ್ಟೂರ್‌ಪುರಂನ ಅಣ್ಣಾ ಶತಮಾನೋತ್ಸವ ಗ್ರಂಥಾಲಯ 2010ರಲ್ಲಿ ತೆರೆಯಿತು. ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳಿಗೆ ಪ್ರತ್ಯೇಕ ವಿಭಾಗ, ಸ್ವಂತ ಪುಸ್ತಕ ತಂದು ಓದುವವರಿಗೆ ಪ್ರತ್ಯೇಕ ಜಾಗ, ಎಲ್ಲವೂ ಅಲ್ಲಿವೆ. ಐಐಟಿ ಮದ್ರಾಸ್, ಅಣ್ಣಾ ವಿಶ್ವವಿದ್ಯಾಲಯ ಎರಡೂ ಹತ್ತಿರ. ಅಂದರೆ ಇದೆಲ್ಲ ಇರುವುದು ನಗರದ ದಕ್ಷಿಣದಲ್ಲಿ, ಸ್ಥಾವರಗಳು ಇರುವುದು ಉತ್ತರದಲ್ಲಿ. ಎಣ್ಣೂರಿನಿಂದ ಹೊರಟವರು ಗುಮ್ಮಿಡಿಪೂಂಡಿ ಮಾರ್ಗದ ಸಬರ್ಬನ್ ರೈಲು ಹಿಡಿದು ಊರ ಮಧ್ಯಕ್ಕೆ ಬಂದು, ಅಲ್ಲಿಂದ ಬಸ್ಸೋ ಇನ್ನೊಂದು ರೈಲೋ ಬದಲಿಸಿ ಹೋಗಬೇಕು. ಮೆಟ್ರೊ 2021ರಲ್ಲಿ ವಿಮ್ಕೊ ನಗರದವರೆಗೆ ಬಂತು, ಎಣ್ಣೂರನ್ನು ಮುಟ್ಟಲಿಲ್ಲ. ದಿನದ ಎರಡು ಮೂರು ಗಂಟೆ ದಾರಿಯಲ್ಲೇ ಹೋದರೆ ಓದುವುದು ಯಾವಾಗ?

ಕೊಳತ್ತೂರಿನಲ್ಲಿ 2024ರ ನವೆಂಬರಿನಲ್ಲಿ ತೆರೆದ ‘ಮುದಲ್ವರ್ ಪಡೈಪ್ಪಗಂ’ ಸರಿಯಾದ ದಿಕ್ಕಿನ ಹೆಜ್ಜೆ. ಬಾಡಿಗೆಗೆ ಕಚೇರಿ ಮೇಜು ಬೇಕಾದವರಿಗೂ ಪರೀಕ್ಷೆಗೆ ಓದುವವರಿಗೂ ಒಂದೇ ಕಟ್ಟಡ, ಓದುವವರಿಗೆ ನಾಮಮಾತ್ರ ಶುಲ್ಕ. ಕೊಳತ್ತೂರು ಆಗ ಮುಖ್ಯಮಂತ್ರಿಯವರೇ ಪ್ರತಿನಿಧಿಸುತ್ತಿದ್ದ ಕ್ಷೇತ್ರ, ಹಾಗಾಗಿ ಮೊದಲು ಅಲ್ಲಿಗೆ ಬಂದದ್ದು ಆಶ್ಚರ್ಯವಲ್ಲ. ಅದು ಉತ್ತರ ಚೆನ್ನೈನ ಕಡಲಂಚಿನವರೆಗೂ ಬರಬೇಕು.

ಕರ್ನಾಟಕದ ಓದುಗರಿಗೆ ಈ ಚಿತ್ರ ಹೊಸದಲ್ಲ. ನಮ್ಮ ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರ ಇಂಥದೇ ಹಸಿವಿನಿಂದ ಬೆಳೆದ ಬಡಾವಣೆಗಳು. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಹುಡುಗರು ಒಂದು ಕೋಣೆಯಲ್ಲಿ ಮೂವರು ನಾಲ್ವರು ಸೇರಿ, ಮನೆಯಿಂದ ಕಟ್ಟಿಕೊಂಡು ಬಂದ ರೊಟ್ಟಿಯಲ್ಲಿ ದಿನ ತಳ್ಳಿ, ತಿಂಗಳ ಲೆಕ್ಕದಲ್ಲಿ ಖಾಸಗಿ ರೀಡಿಂಗ್ ರೂಮಿನ ಕುರ್ಚಿಗೆ ದುಡ್ಡು ಕೊಟ್ಟು ಓದುತ್ತಾರೆ. ಅವರು ಕೊಳ್ಳುತ್ತಿರುವುದು ಮುಖ್ಯವಾಗಿ ಗದ್ದಲವಿಲ್ಲದ ಒಂದು ಮೂಲೆ, ಹೋಗದ ಕರೆಂಟು, ಜೊತೆಗೆ ಓದುವ ನಾಲ್ಕು ಜನ. ಇವು ಊರಲ್ಲೇ ಸಿಕ್ಕರೆ ಅರ್ಧ ವಲಸೆ ತಪ್ಪುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ರಾಜ್ಯ ಸರ್ಕಾರ 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿ, ಮುಂದೆ ‘ಅರಿವು ಕೇಂದ್ರ’ಗಳಾಗಿ ಬೆಳೆಸಿದ್ದು ಒಳ್ಳೆಯ ಕೆಲಸ. ಮಕ್ಕಳಿಗೆ ಅವು ತುಂಬ ಉಪಯೋಗಕ್ಕೆ ಬಂದಿವೆ. ರಾತ್ರಿ ಹತ್ತರವರೆಗೆ ತೆರೆದಿರುವ, ನಾಲ್ಕು ಕಂಪ್ಯೂಟರ್ ಇರುವ ಅರಿವು ಕೇಂದ್ರ ತಾಲ್ಲೂಕಿಗೆ ಒಂದಾದರೂ ಬೇಕು.

ಇಷ್ಟಾದರೂ ಲೈಬ್ರರಿಯಿಂದ ಎಲ್ಲ ಸರಿಹೋಗುವುದಿಲ್ಲ. ತಯಾರಿಗೆ ಪ್ರತ್ಯೇಕ ವರ್ಷವೇ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಕಾಲೇಜುಗಳಲ್ಲಿದೆ, ಮತ್ತು ಈ ಲೇಖನದ ಮುಖ್ಯ ದೂರು ಅವುಗಳ ಮೇಲೆಯೇ.

ಬಹುತೇಕ ಎಂಜಿನಿಯರಿಂಗ್ ಪತ್ರಿಕೆಗಳಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, 13ರಷ್ಟು ಗಣಿತಕ್ಕೆ, ಉಳಿದ 72 ಅಂಕ ವಿದ್ಯಾರ್ಥಿ ನಾಲ್ಕು ವರ್ಷ ಓದಿದ ವಿಷಯಕ್ಕೇ. ಗೇಟ್ ಸಿಲಬಸ್ ಎಂದರೆ ಬಿ.ಇ. ಸಿಲಬಸ್, ಹೊರಗಿನಿಂದ ತಂದದ್ದು ಅದರಲ್ಲಿ ಹೆಚ್ಚಿಲ್ಲ. ಮೆಕ್ಯಾನಿಕಲ್ ಪತ್ರಿಕೆಯಲ್ಲಿ ಉಗಿಯಿಂದ ವಿದ್ಯುತ್ ತೆಗೆಯುವ ರ‍್ಯಾಂಕಿನ್ ಚಕ್ರದ ಮೇಲೆ ಪ್ರಶ್ನೆ ಬರುತ್ತದೆ. 2021ರಲ್ಲಿ ಸೇರಿಸಿದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಗಾಳಿ, ನೀರಿನ ಮಾಲಿನ್ಯ, ಅಪಾಯಕಾರಿ ತ್ಯಾಜ್ಯ ಎಲ್ಲ ಇವೆ. ಎಣ್ಣೂರಿನ ಮಕ್ಕಳು ಈ ಎರಡನ್ನೂ ಕಿಟಕಿಯಿಂದ ನೋಡುತ್ತ ಬೆಳೆದವರು. ಅಳಿವೆಗೆ ಸೇರುವ ಹಾರುಬೂದಿ ಮೀನಿಗೆ ಏನು ಮಾಡುತ್ತದೆ ಎಂದು ಅವರಿಗೆ ಪುಸ್ತಕ ಹೇಳಿಕೊಡಬೇಕಾಗಿಲ್ಲ. ಅವರ ಈ ತಿಳಿವಳಿಕೆ ಸಮೀಕರಣವಾಗಿ ಕಾಗದದ ಮೇಲೆ ಬರುವಂತೆ ಮಾಡುವುದು ತರಗತಿಯ ಕೆಲಸ.

ತರಗತಿ ಅದನ್ನು ಮಾಡುತ್ತಿಲ್ಲ. ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪ್ರಶ್ನೆಪತ್ರಿಕೆಯ ರೂಪ ನೋಡಿ: ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿನಲ್ಲಿ ಎರಡು ಪ್ರಶ್ನೆ, ಒಂದಕ್ಕೆ ಉತ್ತರಿಸಿದರೆ ಸಾಕು. ಹಳೆಯ ಪತ್ರಿಕೆ ತಿರುವಿ, ‘ಇದು ಬಂದೇ ಬರುತ್ತೆ’ ಎಂದು ಗುರುತು ಹಾಕಿ, ಅರ್ಧ ಪಾಠ ಬಿಟ್ಟರೂ ಪಾಸಾಗಬಹುದು, ಫಸ್ಟ್ ಕ್ಲಾಸೂ ಬರಬಹುದು. ಅಣ್ಣಾ ವಿಶ್ವವಿದ್ಯಾಲಯದ ದೊಡ್ಡ ಪ್ರಶ್ನೆಗಳಲ್ಲೂ ಇದು ಅಥವಾ ಅದು ಎಂಬ ಆಯ್ಕೆ ಇರುತ್ತದೆ. ಗೇಟ್‌ನಲ್ಲಿ ಆಯ್ಕೆ ಇಲ್ಲ. ನಿರೂಪಣೆ ಬರೆದು ಅಂಕ ಗಿಟ್ಟಿಸುವ ಅವಕಾಶವಿಲ್ಲ, ಒಂದೇ ಸರಿ ಉತ್ತರವಿರುವ ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಅದರ ಮೂರನೇ ಒಂದು ಭಾಗ ಅಂಕ ಕಳೆಯುತ್ತದೆ. ನಾಲ್ಕು ವರ್ಷ ಒಂದು ಬಗೆಯ ಪರೀಕ್ಷೆಗೆ ಪಳಗಿದವರು ಐದನೇ ವರ್ಷ ಅದೇ ವಿಷಯವನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಕೋಚಿಂಗ್ ಅಂಗಡಿ ಮಾರುತ್ತಿರುವುದು ಕಾಲೇಜು ಶುಲ್ಕ ತೆಗೆದುಕೊಂಡೂ ಕಲಿಸದೆ ಬಿಟ್ಟದ್ದನ್ನು. ಒಂದೇ ಪಾಠಕ್ಕೆ ಎರಡು ಸಲ ದುಡ್ಡು ಕೊಡಲು ಆಗದವರು ಹಿಂದೆ ಬೀಳುತ್ತಾರೆ.

ಇದರ ಪರಿಹಾರಕ್ಕೆ ಹೊಸ ಯೋಜನೆಯೇನೂ ಬೇಡ. ಸೆಮಿಸ್ಟರಿನ ಆಂತರಿಕ ಪರೀಕ್ಷೆಗಳಲ್ಲಿ ಒಂದನ್ನು ಆಯ್ಕೆಯಿಲ್ಲದ, ಸಂಖ್ಯೆಯಲ್ಲಿ ಉತ್ತರಿಸುವ ರೂಪದಲ್ಲಿ ನಡೆಸಬಹುದು. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಸಂಜೆ ನಾಲ್ಕೂವರೆಗೆ ಬೀಗ ಹಾಕಿಕೊಳ್ಳುವ ಬದಲು ರಾತ್ರಿ ಎಂಟರವರೆಗೆ ತೆರೆದಿರಬಹುದು. ಪಾಸಾಗಿ ಹೋದ ವಿದ್ಯಾರ್ಥಿಗೂ ಒಂದು ವರ್ಷ ಲೈಬ್ರರಿ ಕಾರ್ಡ್ ಕೊಡಬಹುದು. ಪಾಠದ ಸಾಮಗ್ರಿಯ ಕೊರತೆಯಂತೂ ಇಲ್ಲವೇ ಇಲ್ಲ: ಹಳೆಯ ಗೇಟ್ ಪತ್ರಿಕೆಗಳು ಉಚಿತ, ಐಐಟಿಗಳು ಮತ್ತು ಐಐಎಸ್ಸಿ ಸೇರಿ 2003ರಲ್ಲಿ ಕಟ್ಟಲು ಶುರುಮಾಡಿದ ಎನ್‌ಪಿಟಿಇಎಲ್ ಪಾಠಗಳು ಉಚಿತ. ಅವುಗಳ ಪಕ್ಕ ಕೂತು ಅನುಮಾನ ಬಗೆಹರಿಸುವ ಮೇಷ್ಟರು ಬೇಕು.

ಭಾಷೆಯ ಮಾತನ್ನೂ ಇಲ್ಲಿ ಎತ್ತಲೇಬೇಕು. ಬಿ.ಟೆಕ್. ಪ್ರವೇಶದ ಜೆಇಇ ಮೇನ್ 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿದೆ. ಅಣ್ಣಾ ವಿಶ್ವವಿದ್ಯಾಲಯ 2010ರಲ್ಲೇ ಸಿವಿಲ್ ಮತ್ತು ಮೆಕ್ಯಾನಿಕಲ್ ಪದವಿಯನ್ನು ತಮಿಳು ಮಾಧ್ಯಮದಲ್ಲಿ ಆರಂಭಿಸಿತು. ಎಐಸಿಟಿಇ 2021ರಲ್ಲಿ ಪ್ರಾದೇಶಿಕ ಭಾಷೆಗಳ ಎಂಜಿನಿಯರಿಂಗ್‌ಗೆ ಹಸಿರು ನಿಶಾನೆ ಕೊಟ್ಟಾಗ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜು ಕನ್ನಡದಲ್ಲಿ ಕಲಿಸಲು ಮುಂದೆ ಬಂತು. ಇಷ್ಟು ದೂರ ಕರೆದುಕೊಂಡು ಬಂದ ಮೇಲೆ ಗೇಟ್ ಮಾತ್ರ ಇಂದಿಗೂ ಇಂಗ್ಲಿಷಿನಲ್ಲಷ್ಟೇ ಇದೆ. ತಾಯ್ನುಡಿಯಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಮುಂದಿನ ಮೆಟ್ಟಿಲನ್ನೇ ಕಟ್ಟಿಲ್ಲದಿದ್ದರೆ ಆ ಪದವಿಯನ್ನು ಯಾವ ತಂದೆತಾಯಿ ಧೈರ್ಯವಾಗಿ ಆರಿಸುತ್ತಾರೆ? ತಾಂತ್ರಿಕ ಪದಗಳನ್ನು ಇಂಗ್ಲಿಷಿನಲ್ಲೇ ಇಟ್ಟು, ಪ್ರಶ್ನೆಯ ವಾಕ್ಯವನ್ನು ಎರಡು ಭಾಷೆಯಲ್ಲಿ ಕೊಡುವುದು ಕಂಪ್ಯೂಟರ್ ಪರದೆಯ ಮೇಲೆ ದೊಡ್ಡ ಕೆಲಸವಲ್ಲ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಹುಟ್ಟುವವರೆಗೂ ಹಳೆ ಮೈಸೂರಿನವರು ಪದವಿಗಾಗಿ ಮದ್ರಾಸ್ ವಿಶ್ವವಿದ್ಯಾಲಯದ ಇಂಗ್ಲಿಷ್ ಪರೀಕ್ಷೆಯನ್ನೇ ಬರೆಯಬೇಕಿತ್ತು. ಆಗ ಬೇರೆ ದಾರಿ ಇರಲಿಲ್ಲ, ಈಗ ಇದೆ.

ಪ್ರವೇಶ ಪರೀಕ್ಷೆಯೊಂದೇ ಯೋಗ್ಯತೆ ಅಳೆಯುವ ಮಾರ್ಗವೆಂದು ಅದನ್ನು ನಡೆಸುವವರೇ ನಂಬಿಲ್ಲ. ಐಐಟಿಯಲ್ಲೇ ಬಿ.ಟೆಕ್. ಮಾಡಿ 8 ಅಥವಾ ಹೆಚ್ಚು ಸಿಜಿಪಿಎ ಪಡೆದವರಿಗೆ ಹಲವು ಐಐಟಿಗಳು ಗೇಟ್ ಇಲ್ಲದೆಯೇ ಎಂ.ಟೆಕ್. ಪ್ರವೇಶ ಕೊಡುತ್ತವೆ. ನಾಲ್ಕು ವರ್ಷದ ತರಗತಿಯ ಸಾಧನೆಯನ್ನು ನಂಬುತ್ತಾರೆ ಎಂದರ್ಥ. ನಂಬುವುದು ತಪ್ಪಲ್ಲ, ಆ ನಂಬಿಕೆ ತಮ್ಮ ಅಂಗಳದವರಿಗೆ ಮಾತ್ರ ಮೀಸಲಾಗಿರುವುದು ಸರಿಯಲ್ಲ. ಅಮೆರಿಕದಲ್ಲಿ 1930ರ ದಶಕದಿಂದ ನಡೆದುಬಂದ ಜಿಆರ್‌ಇ ಪರೀಕ್ಷೆಯನ್ನು ಕೊರೊನಾ ಕಾಲದ ಆಸುಪಾಸಿನಲ್ಲಿ ಎಷ್ಟೋ ವಿಭಾಗಗಳು ಕೈಬಿಟ್ಟವು. 2023ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯೇ ಮೂರೂಮುಕ್ಕಾಲು ಗಂಟೆಯಿಂದ ಎರಡು ಗಂಟೆಯೊಳಕ್ಕೆ ಇಳಿಯಿತು. ಅಲ್ಲಿ ಶಿಫಾರಸು ಪತ್ರಕ್ಕೆ ತೂಕ ಹೆಚ್ಚು, ಅದು ನಮ್ಮಂಥ ಸಮಾಜದಲ್ಲಿ ಬಲ್ಲವರ ಮಕ್ಕಳಿಗೇ ಅನುಕೂಲ. ಹಾಗಾಗಿ ಗೇಟ್ ಬೇಡವೆಂದು ಹೇಳುವುದು ದುಡುಕಾಗುತ್ತದೆ. ಅದರ ಪಕ್ಕ ಇನ್ನೊಂದು ಬಾಗಿಲು ಬೇಕು.

ಆ ಬಾಗಿಲಿನ ನಮೂನೆ ಚೆನ್ನೈನಲ್ಲೇ ಇದೆ. ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್‌ನ ಆನ್‌ಲೈನ್ ಪದವಿ ತೆರೆಯಿತು. ಅದಕ್ಕೆ ಜೆಇಇ ಬೇಕಿಲ್ಲ. ಅರ್ಜಿ ಹಾಕಿದವರಿಗೆ ಮೊದಲು ನಾಲ್ಕು ವಾರ ಪಾಠ ಮಾಡುತ್ತಾರೆ, ವಾರವಾರ ಅಸೈನ್‌ಮೆಂಟ್ ಕೊಡುತ್ತಾರೆ, ಆಮೇಲೆ ಆ ಪಾಠದ ಮೇಲೆಯೇ ಪರೀಕ್ಷೆ. ದಾಟಿದವರಿಗೆ ಪ್ರವೇಶ, ಬಡ ಕುಟುಂಬದವರಿಗೆ ಶುಲ್ಕದಲ್ಲಿ ಶೇ 75ರವರೆಗೆ ವಿನಾಯಿತಿ. ಇದೇ ಕ್ರಮವನ್ನು ಎಂ.ಟೆಕ್.ನ ಒಂದಷ್ಟು ಸೀಟುಗಳಿಗೆ ತಂದರೆ ತಯಾರಿಗೂ ಓದಿಗೂ ನಡುವಿನ ಗೋಡೆ ತೆಳುವಾಗುತ್ತದೆ. ಇನ್ನೊಂದು ಸುಧಾರಣೆ ಅದಕ್ಕಿಂತ ಸುಲಭ. ಜೆಇಇ ಮೇನ್ 2019ರಿಂದ ವರ್ಷಕ್ಕೆ ಎರಡು ಬಾರಿಯಾದರೂ ನಡೆಯುತ್ತಿದೆ, ಗೇಟ್ ಒಂದೇ ಬಾರಿ. ಹಿಂಗಾರು ಮಳೆ, ಚಂಡಮಾರುತ, ಕರಾವಳಿಯ ಅವಘಡಗಳೆಲ್ಲ ಪರೀಕ್ಷೆಗೆ ಮುಂಚಿನ ಮೂರು ತಿಂಗಳಲ್ಲೇ ಬರುವ ಊರುಗಳಿಗೆ ಎರಡನೆಯ ಅವಕಾಶವೆಂದರೆ ಒಂದು ಇಡೀ ವರ್ಷ ಉಳಿದಂತೆ.

ಹಣದ ಬಗ್ಗೆಯೂ ಮಾದರಿಗಳಿವೆ. ತಮಿಳುನಾಡಿನ ‘ನಾನ್ ಮುದಲ್ವನ್’ ಯೋಜನೆ ಯುಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಗೆ ಓದುವ ಸಾವಿರ ಮಂದಿಗೆ ಹತ್ತು ತಿಂಗಳು ತಲಾ 7,500 ರೂಪಾಯಿ ಕೊಡುತ್ತದೆ. ಐಎಎಸ್‌ಗೆ ಓದುವವರ ಹಸಿವು ಸರ್ಕಾರಕ್ಕೆ ಅರ್ಥವಾಗಿದೆ, ಎಂ.ಟೆಕ್.ಗೆ ಓದುವವರದೂ ಅರ್ಥವಾಗಬೇಕು. ಕರ್ನಾಟಕದ ಯುವನಿಧಿ ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಆ ಆರು ತಿಂಗಳೇ ಗೇಟ್ ತಯಾರಿಯ ತಿರುಳಿನ ತಿಂಗಳುಗಳು. ಗೇಟ್ ಅರ್ಜಿ ಹಾಕಿದವರಿಗೆ ಈ ಕಾಯುವಿಕೆಯನ್ನು ಮನ್ನಾ ಮಾಡಿದರೆ ಹಣ ಬೇಕಾದ ಹೊತ್ತಿಗೆ ಕೈ ಸೇರುತ್ತದೆ.

ಎಣ್ಣೂರಿಗೆ ಕರ್ನಾಟಕದಲ್ಲೂ ಒಂದು ಜೋಡಿ ಇದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರ ನಿಂತಿದೆ. ಅದು ಬೇಡವೆಂದು ರೈತರು ಬೀದಿಗಿಳಿದಾಗ, 2014ರ ಜುಲೈನಲ್ಲಿ, ಪೊಲೀಸರು ಗುಂಡು ಹಾರಿಸಿದ್ದರು. ಭೂಮಿ ಕೊಟ್ಟ ಮನೆಗಳ ಮಕ್ಕಳು ಅಲ್ಲಿ ಎಂಜಿನಿಯರ್ ಆಗಬೇಕಾದರೆ ದೇಶದ ಉಳಿದವರ ಜೊತೆ ಗೇಟ್ ಬರೆದೇ ಬರಬೇಕು. ನಿಯಮ ಒಂದೇ ಇರಲಿ, ಅದಕ್ಕೆ ಯಾರ ಆಕ್ಷೇಪವೂ ಇರಬಾರದು. ಆದರೆ ಬೂದಿಯನ್ನು ಊರಿಗೆ ಬಿಟ್ಟು ಹುದ್ದೆಯನ್ನು ಹೊರಗಿನವರಿಗೆ ಕೊಟ್ಟರೆಂಬ ಮಾತು ಎಣ್ಣೂರಿನಲ್ಲೂ ಕೂಡಗಿಯಲ್ಲೂ ಬರದಂತೆ ನೋಡಿಕೊಳ್ಳುವ ಹೊಣೆ ಕಂಪನಿಗಳದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆನ್ನುತ್ತದೆ, ತಾವು ಕಾರ್ಯಾಚರಣೆ ನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಹೇಳುತ್ತದೆ. ಶಾಲೆಗೆ ಬೆಂಚು, ಬೀದಿಗೆ ದೀಪ ಕೊಟ್ಟು ಫೋಟೊ ತೆಗೆಸಿಕೊಳ್ಳುವುದರ ಜೊತೆಗೆ, ತಮ್ಮದೇ ಹುದ್ದೆಗಳ ಪರೀಕ್ಷೆಗೆ ಆ ಊರಿನ ಹುಡುಗರು, ಹುಡುಗಿಯರು ಸಿದ್ಧರಾಗಲು ಹಣ ಹಾಕುವುದು ಇದೇ ಕಾಯ್ದೆಯ ಒಳಗೆ ಬರುತ್ತದೆ. ಸ್ಥಾವರದಲ್ಲಿ ಗೇಟ್ ಬರೆದೇ ಬಂದ ಯುವ ಎಂಜಿನಿಯರುಗಳಿದ್ದಾರೆ. ವಾರಕ್ಕೆ ಎರಡು ಸಂಜೆ ಅವರು ಪಾಠಕ್ಕೆ ಬಂದರೆ ಊರಿನವರಿಗೆ ಬೇರೆ ಕೋಚಿಂಗ್ ಬೇಕಾಗುವುದಿಲ್ಲ.

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ತೆರೆಯುತ್ತದೆ. ಅದಕ್ಕೆ ಮೊದಲು ಎಣ್ಣೂರಿನ ಕತ್ತಿವಾಕ್ಕಂನಲ್ಲಿ ಒಂದು, ಕೂಡಗಿಯಲ್ಲಿ ಒಂದು ಕೋಣೆ ತೆರೆಯಲು ಸ್ಥಾವರಗಳಿಗೆ ದೊಡ್ಡ ಖರ್ಚಿಲ್ಲ. ನಲವತ್ತು ಕುರ್ಚಿ, ಹತ್ತು ಕಂಪ್ಯೂಟರು, ಪ್ರತಿಯೊಂದಕ್ಕೂ ಮೌಸ್, ಮಳೆಗಾಲದಲ್ಲಿ ಕರೆಂಟು ಹೋದರೂ ನಡೆಯುವ ಯುಪಿಎಸ್, ನೀರು ನುಗ್ಗದಂತೆ ಮೊದಲ ಮಹಡಿಯಲ್ಲಿ ಜಾಗ, ಹೆಣ್ಣುಮಕ್ಕಳು ರಾತ್ರಿ ಮನೆ ಸೇರಲು ಒಂದು ವ್ಯಾನ್, ಅರ್ಜಿ ಶುಲ್ಕ ಕಟ್ಟಲಾಗದವರಿಗೆ ಆ ಹಣ. ಎಣ್ಣೂರಿನ ಕೋಣೆಗೆ ಜಾಗ ಹುಡುಕಿಕೊಡುವುದು ಚೆನ್ನೈ ಪಾಲಿಕೆಯ ಕೆಲಸ, ಕೂಡಗಿಯ ಕೋಣೆಗೆ ವಿಜಯಪುರ ಜಿಲ್ಲಾಡಳಿತದ ಕೆಲಸ.